ತಿಂಡಿ ಬೀದಿಯ ಹೆಸರು ಯಾರ ಸೊತ್ತು?

ಮಂಗಳೂರಿನಲ್ಲಿ ಒಂದು ರಸ್ತೆಗೋ ವೃತ್ತಕ್ಕೋ ಹೊಸ ಹೆಸರಿಡುವ ಪ್ರಸ್ತಾವ ಬಂತೆಂದರೆ, ಅದರ ಮೇಲಿನ ಚರ್ಚೆ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಊರಿನವರು ಮೊದಲೇ ಹೇಳಬಲ್ಲರು. ಯಾರ ಹೆಸರು, ಅವರು ಯಾವ ಸಮುದಾಯದವರು, ಪ್ರಸ್ತಾವ ಮುಂದಿಟ್ಟ ಪಕ್ಷ ಯಾವುದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. 2017ರಲ್ಲಿ ಲೈಟ್‌ಹೌಸ್ ಹಿಲ್ ರಸ್ತೆಗೆ, ವಿಜಯಾ ಬ್ಯಾಂಕನ್ನು ಬೆಳೆಸಿದ ಮುಲ್ಕಿ ಸುಂದರರಾಮ ಶೆಟ್ಟರ ಹೆಸರಿಡಲು ಹೊರಟಾಗ ಆ ರಸ್ತೆಗೆ ಸಂತ ಅಲೋಶಿಯಸ್ ಕಾಲೇಜಿನ ಹೆಸರು ಮೊದಲೇ ಇದೆ ಎಂಬ ಆಕ್ಷೇಪ ಎದ್ದಿತು; ನಾಮಕರಣದ ಸಮಾರಂಭಕ್ಕೆ ಸರಕಾರ ತಡೆಯೊಡ್ಡಿತು; ತಡೆಯ ವಿರುದ್ಧ ಪ್ರತಿಭಟನೆಗಳು ನಡೆದವು. 2022ರಲ್ಲಿ ಲೇಡಿಹಿಲ್ ವೃತ್ತ ಬ್ರಹ್ಮಶ್ರೀ ನಾರಾಯಣ ಗುರು ವೃತ್ತವಾಯಿತು. ಆ ವರ್ಷದ ಗಣರಾಜ್ಯೋತ್ಸವದ ಪೆರೇಡಿನಲ್ಲಿ ನಾರಾಯಣ ಗುರುಗಳಿದ್ದ ಕೇರಳದ ಸ್ತಬ್ಧಚಿತ್ರಕ್ಕೆ ಅವಕಾಶ ಸಿಗದ ವಿವಾದದ ಬಿಸಿಯೂ ಅದಕ್ಕೆ ತಾಗಿತ್ತು.

ಇವೆಲ್ಲ ಸ್ಮರಣೆಯ ಪ್ರಶ್ನೆಗಳು. ಊರು ಯಾರನ್ನು ನೆನೆಯಬೇಕು ಎಂಬುದನ್ನು ಚರ್ಚಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತಿನ್ನುವುದಕ್ಕೆಂದೇ ಜನರು ದೂರದಿಂದ ಹುಡುಕಿಕೊಂಡು ಬರುವ ಬೀದಿಯೊಂದರ ಹೆಸರು ಬದಲಾಯಿಸುವ ಮಾತು ಬಂದಾಗ ಈ ಅಳತೆಗೋಲು ಸಾಲುವುದಿಲ್ಲ. ಅಂಥ ಬೀದಿಯ ಹೆಸರು ಒಂದು ಕಾಲದಲ್ಲಿ ಎಲ್ಲ ರಸ್ತೆಗಳ ಹೆಸರಿನಂತೆ ಬರೀ ಗುರುತಾಗಿತ್ತು. ಅದಕ್ಕೆ ಬೆಲೆ ಬಂದದ್ದು ಅಲ್ಲಿ ಒಲೆ ಹಚ್ಚಿದವರಿಂದ, ಅಲ್ಲಿ ನಿಂತು ತಿಂದು ಹೋಗಿ ಇನ್ನೊಬ್ಬರಿಗೆ ಹೇಳಿದವರಿಂದ. ದುಡಿದು ಗಳಿಸಿದ ಆ ಬೆಲೆಯಲ್ಲಿ ವ್ಯಾಪಾರಿಗಳಿಗೆ ಪಾಲಿದೆ ಎಂದು ಒಪ್ಪಿಕೊಂಡರೆ, ಹೆಸರು ಬದಲಾವಣೆಯ ಪ್ರಶ್ನೆ ಗೌರವದ ಪ್ರಶ್ನೆಯಾಗುವುದಕ್ಕಿಂತ ಮೊದಲು ಸೊತ್ತಿನ ಪ್ರಶ್ನೆಯಾಗುತ್ತದೆ. ನಮ್ಮ ಕಾನೂನು ಮತ್ತು ನಮ್ಮ ಸಾರ್ವಜನಿಕ ಚರ್ಚೆ ಎರಡರಲ್ಲೂ ಈ ತಿಳಿವು ಕಾಣುವುದಿಲ್ಲ ಎಂಬುದು ನನ್ನ ತಕರಾರು.

ವಿಷಯವನ್ನು ಸ್ಪಷ್ಟವಾಗಿ ನೋಡಲು ಸ್ವಲ್ಪ ದೂರದ ಒಂದು ಉದಾಹರಣೆ ನೆರವಾಗುತ್ತದೆ. ಮಲೇಷ್ಯಾದ ರಾಜಧಾನಿ ಕ್ವಾಲಾಲಂಪುರದ ಬುಕಿತ್ ಬಿಂತಾಂಗ್ ಪ್ರದೇಶದಲ್ಲಿ ಜಲಾನ್ ಅಲೋರ್ ಎಂಬ ಬೀದಿಯಿದೆ. ಸಂಜೆಯಾಗುತ್ತಲೇ ಅದರ ಎರಡೂ ಬದಿಗೆ ಪ್ಲಾಸ್ಟಿಕ್ ಕುರ್ಚಿ, ಮೇಜುಗಳು ಬರುತ್ತವೆ. ಹೆಚ್ಚಾಗಿ ಚೀನೀ ಮೂಲದವರು ನಡೆಸುವ ಅಂಗಡಿಗಳಲ್ಲಿ ಕೆಂಡದಲ್ಲಿ ಸುಟ್ಟ ಕೋಳಿ ರೆಕ್ಕೆಯಿಂದ ಹಿಡಿದು ಕಡಲ ಮೀನು, ನೂಡಲ್ಸ್, ಡೂರಿಯನ್ ಹಣ್ಣಿನವರೆಗೆ ಎಲ್ಲವೂ ಸಿಗುತ್ತದೆ. ಆ ನಗರಕ್ಕೆ ಹೋದ ಪ್ರವಾಸಿಗರಲ್ಲಿ ಈ ಬೀದಿಯ ಹೆಸರು ಕೇಳದವರು ಕಡಿಮೆ. 2009ರಲ್ಲಿ ಅಲ್ಲಿನ ನಗರಾಡಳಿತ ಇದರ ಹೆಸರನ್ನು ಜಲಾನ್ ಕೆಜೋರಾ ಎಂದು ಬದಲಿಸಿತು. ಬುಕಿತ್ ಬಿಂತಾಂಗ್ ಎಂಬ ಹೆಸರಿನಲ್ಲಿ ನಕ್ಷತ್ರವಿದೆ (ಮಲಯ್ ಭಾಷೆಯಲ್ಲಿ ಬಿಂತಾಂಗ್ ಎಂದರೆ ನಕ್ಷತ್ರ), ಕೆಜೋರಾ ಎಂಬುದು ಬೆಳ್ಳಿ ಚುಕ್ಕಿಯ, ಅಂದರೆ ಶುಕ್ರಗ್ರಹದ ಹೆಸರು. ಆದ್ದರಿಂದ ಹೊಸ ಹೆಸರು ಸುತ್ತಲಿನ ಪ್ರದೇಶಕ್ಕೆ ಚೆನ್ನಾಗಿಯೇ ಹೊಂದುತ್ತಿತ್ತು. ವ್ಯಾಪಾರಿಗಳು, ಪ್ರವಾಸೋದ್ಯಮದವರು ಮತ್ತು ರಾಜಕಾರಣಿಗಳು ಇದನ್ನು ಬಲವಾಗಿ ಆಕ್ಷೇಪಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಹಳೆಯ ಹೆಸರನ್ನು ಮರಳಿಸಬೇಕಾಯಿತು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವ ಅಂಶವೆಂದರೆ, ಹೊಸ ಹೆಸರು ಯಾವ ನಾಯಕನದ್ದೂ ಆಗಿರಲಿಲ್ಲ. ಅದು ಒಂದು ಗ್ರಹದ ಹೆಸರು. ಅದರಲ್ಲಿ ಯಾರ ಮನಸ್ಸನ್ನೂ ನೋಯಿಸುವಂಥದ್ದು ಇರಲಿಲ್ಲ, ಆದರೂ ಜನ ಸಿಟ್ಟಾದರು. ಅಂದರೆ ಅಲ್ಲಿ ತಕರಾರು ಬಂದ ಹೆಸರಿನ ಬಗ್ಗೆ ಇರಲಿಲ್ಲ, ಹೋದ ಹೆಸರಿನ ಬಗ್ಗೆ ಇತ್ತು. ಮಂಗಳೂರಿನ ಹೆಸರು ವಿವಾದಗಳಲ್ಲಿ ನಾವು ಯಾವಾಗಲೂ ಬರುವ ಹೆಸರನ್ನೇ ತೂಗುತ್ತೇವೆ. ಹೋಗುವ ಹೆಸರಿನಲ್ಲಿ ಏನೇನು ಸೇರಿಕೊಂಡಿತ್ತು ಎಂದು ಎಣಿಸುವ ಅಭ್ಯಾಸ ನಮಗಿಲ್ಲ.

ಏನೇನು ಸೇರಿಕೊಂಡಿರುತ್ತದೆ ಎಂಬುದನ್ನು ತಿಳಿಯಲು ಒಂದು ಚರುಮುರಿ ಗಾಡಿಯ ಬಳಿ ಐದು ನಿಮಿಷ ನಿಂತರೆ ಸಾಕು. ಪಣಂಬೂರಿನ ಕಡಲತಡಿಯಲ್ಲಾಗಲಿ ಕದ್ರಿ ಪಾರ್ಕಿನ ಹೊರಗಾಗಲಿ, ಗಾಡಿಯವರು ಮಂಡಕ್ಕಿಗೆ ಹೆಚ್ಚಿದ ನೀರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಸಿಕ್ಕುವ ಕಾಲದಲ್ಲಿ ಮಾವಿನಕಾಯಿ ಹಾಕಿ, ಮೆಣಸಿನ ಹುಡಿ ಉದುರಿಸಿ, ತೆಂಗಿನೆಣ್ಣೆ ಬಿಟ್ಟು, ಪಾತ್ರೆಯಲ್ಲಿ ಸೌಟಿನಿಂದ ಟಕಟಕನೆ ಕಲಸಿ ಕಾಗದದ ಪೊಟ್ಟಣದಲ್ಲಿ ಸುರಿದು ಕೊಡುತ್ತಾರೆ. ಆ ಗಾಡಿಗೆ ಹೆಸರಿನ ಬೋರ್ಡು ಇರುವುದು ಅಪರೂಪ. ಗಿರಾಕಿ ಗೆಳೆಯನಿಗೆ ಅದರ ಬಗ್ಗೆ ಹೇಳುವಾಗ ಬಳಸುವುದು ಜಾಗದ ಹೆಸರನ್ನು: ಇಂಥ ರಸ್ತೆಯ, ಇಂಥ ಕಡೆಯ ಚರುಮುರಿ. ಹೋಟೆಲಿಗೆ ತನ್ನದೇ ಹೆಸರಿರುತ್ತದೆ, ಅದನ್ನು ಬೇಕಾದರೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ ಕಾಪಾಡಿಕೊಳ್ಳಬಹುದು. ಉಡುಪಿಯ ಡಯಾನಾ ಹೋಟೆಲು ಅಥವಾ ರಥಬೀದಿಯ ಮಿತ್ರಸಮಾಜ ಇರುವ ರಸ್ತೆಗೆ ನಾಳೆ ಯಾವ ಹೆಸರಿಟ್ಟರೂ ಜನ ಅಲ್ಲಿಗೆ ಹೋಗುತ್ತಾರೆ. ಗಾಡಿಯವರಿಗೆ, ಗೂಡಂಗಡಿಯವರಿಗೆ ಆ ಅನುಕೂಲವಿಲ್ಲ. ಬೀದಿಯ ಹೆಸರೇ ಅವರ ಬೋರ್ಡು, ಅದೂ ಎಲ್ಲರೂ ಸೇರಿ ಬಳಸುವ ಒಂದೇ ಬೋರ್ಡು.

ಇದಕ್ಕೆ ಕಾಗದಪತ್ರದ ಮುಖವೂ ಇದೆ. ಬೀದಿಬದಿ ವ್ಯಾಪಾರಿಗೆ ಪಾಲಿಕೆ ಕೊಡುವ ವ್ಯಾಪಾರ ಪ್ರಮಾಣಪತ್ರವು ಜಾಗಕ್ಕೆ ಕಟ್ಟಿಬಿದ್ದದ್ದು. ಎಲ್ಲಿ ವ್ಯಾಪಾರ ಮಾಡಬಹುದು ಎಂಬುದು ಅದರಲ್ಲೇ ಇರುತ್ತದೆ. ತಿಂಡಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಬೇಕು, ಅದರಲ್ಲೂ ವಿಳಾಸವಿದೆ. 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ 10 ಸಾವಿರ ರೂಪಾಯಿಯ ಮೊದಲ ಸಾಲ ತೆಗೆದವರ ಕಡತವೂ ಬ್ಯಾಂಕಿನಲ್ಲಿದೆ. ಮೊಬೈಲಿನ ಮ್ಯಾಪ್‌ನಲ್ಲಿ ಊರಿನವರೂ ಹೊರಗಿನವರೂ ವರ್ಷಗಳಿಂದ ಬರೆದ ಅಭಿಪ್ರಾಯಗಳು, ಹಾಕಿದ ಫೋಟೋಗಳು ಎಲ್ಲವೂ ಹಳೆಯ ಹೆಸರಿಗೆ ಅಂಟಿಕೊಂಡಿರುತ್ತವೆ. ದೊಡ್ಡ ಹೋಟೆಲಿನಲ್ಲಿ ಇವನ್ನೆಲ್ಲ ಸರಿಪಡಿಸುವುದಕ್ಕೆ ಲೆಕ್ಕಪತ್ರದವರು ಇದ್ದಾರೆ. ಗಾಡಿಯವರು ಒಂದು ಕಚೇರಿಗೆ ಹೋಗಿ ಬರಬೇಕಾದರೆ, ಬೆಳಿಗ್ಗೆ ಸಾಮಾನು ತರುವ, ತರಕಾರಿ ಹೆಚ್ಚುವ ಹೊತ್ತನ್ನು ಬಿಟ್ಟು ಹೋಗಬೇಕು. ಅಂದರೆ ಆ ದಿನದ ಸಂಪಾದನೆಗೆ ಕತ್ತರಿ ಬಿದ್ದ ಹಾಗೆ. ಹೆಸರಿನ ಫಲಕ ಅನಾವರಣಗೊಳ್ಳುವ ದಿನದ ಖರ್ಚನ್ನು ಪಾಲಿಕೆ ಭರಿಸುತ್ತದೆ, ಮರುದಿನದಿಂದ ಆರಂಭವಾಗುವ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ವಿರುದ್ಧ ಒಂದು ಸುಲಭದ ವಾದವಿದೆ: ಅಧಿಕೃತ ಹೆಸರು ಏನೇ ಇರಲಿ, ಜನರ ಬಾಯಲ್ಲಿ ಹಳೆಯದೇ ಉಳಿಯುತ್ತದೆ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ಮಂಗಳೂರು ಈ ವಾದಕ್ಕೆ ಬೇಕಾದಷ್ಟು ಸಾಕ್ಷಿ ಒದಗಿಸುತ್ತದೆ. ಮಹಾವೀರ ವೃತ್ತ ಎಂಬ ಹೆಸರು ಬಂದು ಎಷ್ಟೋ ಕಾಲವಾದರೂ ಪಂಪ್‌ವೆಲ್ ಪಂಪ್‌ವೆಲ್ಲೇ. ಸಿಟಿ ಬಸ್ಸುಗಳ ಕೊನೆಯ ನಿಲ್ದಾಣವನ್ನು ಅಲ್ಲಿ ಸಮೀಪವಿದ್ದ ಬ್ಯಾಂಕಿನಿಂದಾಗಿ ಎಲ್ಲರೂ ಸ್ಟೇಟ್‌ಬ್ಯಾಂಕ್ ಎನ್ನುತ್ತಾರೆ. ಹೊಸಬರು ಖಾತೆ ತೆರೆಯಲು ಹೊರಟವರಂತೆ ಬಸ್ಸು ಹತ್ತುವುದನ್ನು ಕಂಡು ನಗುವವರೂ ಇದ್ದಾರೆ. ಬೀಡಿ ಕಂಪೆನಿಯ ಕಟ್ಟಡದಿಂದ ಪಿವಿಎಸ್ ವೃತ್ತ ಬಂತು. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬವರ ಕಟ್ಟೆಯಿಂದ ಹಂಪನಕಟ್ಟೆಯಾಯಿತು ಎಂಬ ಐತಿಹ್ಯವನ್ನು ಊರಿನ ಹಿರಿಯರೆಲ್ಲ ಹೇಳುತ್ತಾರೆ. ಆದರೆ ಬಾಯಲ್ಲಿ ಹೆಸರು ಉಳಿಯುವುದು ಬಸ್ಸಿಳಿಯುವ ಸ್ಥಳೀಯನಿಗೆ ಸಾಕಾಗಬಹುದು. ತಿಂಡಿ ಬೀದಿ ಬದುಕುವುದು ಹೊರಗಿನವರಿಂದಲೂ ಹೌದು. ಅವರು ಕಂಡಕ್ಟರರ ಕೂಗನ್ನು ಕೇಳಿ ಬರುವುದಿಲ್ಲ, ಮೊಬೈಲಿನಲ್ಲಿ ಹುಡುಕಿ ಬರುತ್ತಾರೆ. ಕಾಗದದ ಮೇಲಿನ ಹೆಸರಿಗೂ ಬಾಯಿಯ ಹೆಸರಿಗೂ ಅಂತರ ಹೆಚ್ಚಿದಷ್ಟೂ ನಷ್ಟ ಆಗುವುದು ಸ್ವಂತ ಬೋರ್ಡಿಲ್ಲದವರಿಗೆ.

ಇನ್ನೊಂದು ಪ್ರತಿವಾದ ಇಷ್ಟು ಸುಲಭದ್ದಲ್ಲ, ಅದಕ್ಕೆ ಹೆಚ್ಚು ಗೌರವ ಸಲ್ಲಬೇಕು. ಜ್ಯೋತಿ ಚಿತ್ರಮಂದಿರದಿಂದಾಗಿ ಜ್ಯೋತಿ ಎನಿಸಿಕೊಂಡ ವೃತ್ತ ಈಗ ಅಂಬೇಡ್ಕರ್ ವೃತ್ತ. ಬಸ್ಸುಗಳ ಬೋರ್ಡಿನಲ್ಲೂ ಕಂಡಕ್ಟರರ ಬಾಯಲ್ಲೂ ಈ ಹೆಸರೇ ಬರಬೇಕು ಎಂದು ದಲಿತ ಸಂಘಟನೆಗಳು ಒತ್ತಾಯಿಸುತ್ತ ಬಂದಿವೆ. ಅವರಿಗೆ ಹೋಗಿ, ಹಳೆಯ ಹೆಸರು ರೂಢಿಯಲ್ಲಿದೆ, ಅನುಕೂಲವಾಗಿದೆ ಎಂದರೆ, ಯಾರ ರೂಢಿ ಮತ್ತು ಯಾರ ಅನುಕೂಲ ಎಂದು ಅವರು ಕೇಳುವುದು ನ್ಯಾಯವೇ. ಊರಿನ ಹೆಸರುಗಳು ರೂಪುಗೊಂಡ ಕಾಲದಲ್ಲಿ ಅಂಗಡಿ, ಥಿಯೇಟರು, ಜಮೀನು ಇದ್ದವರ ಹೆಸರುಗಳು ತಾವಾಗಿಯೇ ರಸ್ತೆಗಳ ಮೇಲೆ ಬಂದು ಕುಳಿತವು. ಇಲ್ಲದವರ ಹೆಸರು ಬರಬೇಕಾದರೆ ಠರಾವೇ ಆಗಬೇಕು. ರೂಢಿಯನ್ನು ಮುಟ್ಟಲೇಬಾರದು ಎಂಬ ನಿಯಮ ಮಾಡಿದರೆ ಆ ಅಸಮಾನತೆಯನ್ನು ಶಾಶ್ವತಗೊಳಿಸಿದಂತಾಗುತ್ತದೆ. ಆದ್ದರಿಂದ ಎಲ್ಲ ಹಳೆಯ ಹೆಸರುಗಳನ್ನೂ ಹಾಗೆಯೇ ಕಾಪಾಡಬೇಕೆಂದು ನಾನು ವಾದಿಸುತ್ತಿಲ್ಲ. ಚಿತ್ರಮಂದಿರದ ಹೆಸರು ವೃತ್ತದಿಂದ ಹೋದರೆ ಅದರಿಂದ ಹೊಟ್ಟೆಪಾಡು ಕಳೆದುಕೊಳ್ಳುವವರು ಯಾರೂ ಇಲ್ಲ. ತಿಂಡಿ ಬೀದಿಯಲ್ಲಿ ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ಜಮೀನು, ಥಿಯೇಟರು ಇಲ್ಲದವರೇ.

ಗೌರವಕ್ಕೆಂದು ಇಟ್ಟ ಹೆಸರು ಗೌರವವನ್ನು ಉಳಿಸುತ್ತದೆಯೇ ಎಂಬುದೂ ನೋಡಬೇಕಾದ ವಿಷಯ. ಹಂಪನಕಟ್ಟೆಯ ಕೆ.ಎಸ್. ರಾವ್ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಅದು ಕಾರ್ನಾಡ್ ಸದಾಶಿವ ರಾವ್ ಅವರ ಹೆಸರು ಎಂಬುದು ಎಷ್ಟರ ಮಟ್ಟಿಗೆ ಗೊತ್ತಿದೆ? ಕರಾವಳಿಯಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ಕಟ್ಟಿ, ಇದ್ದ ಆಸ್ತಿಯನ್ನೆಲ್ಲ ಅದಕ್ಕೇ ಸುರಿದು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡ ಮನುಷ್ಯ ಅವರು. ಬೆಂಗಳೂರಿನ ಸದಾಶಿವನಗರಕ್ಕೂ ಅವರದೇ ಹೆಸರು. ಅಲ್ಲಿನ ಬಂಗಲೆಗಳ ಬೆಲೆ ಕೇಳಿದರೆ ಈ ನಾಮಕರಣದ ವ್ಯಂಗ್ಯ ಅರ್ಥವಾದೀತು. ಹೆಸರು ಎರಡು ಇನಿಶಿಯಲ್ಲುಗಳಿಗೆ ಇಳಿದು, ಬಟ್ಟೆ ಅಂಗಡಿಗಳ ವಿಳಾಸವಾಗಿ ಚೆನ್ನಾಗಿಯೇ ಚಲಾವಣೆಯಲ್ಲಿದೆ. ರಸ್ತೆಯ ಹೆಸರಾಗಿ ಇದು ಗೆದ್ದಿದೆ, ಸ್ಮಾರಕವಾಗಿ ಗೆದ್ದಿದೆ ಎಂದು ಹೇಳುವುದು ಕಷ್ಟ.

ಇನ್ನು ಕಾನೂನು ಏನು ಹೇಳುತ್ತದೆ ಎಂದು ನೋಡೋಣ. ರಸ್ತೆ, ವೃತ್ತಗಳ ನಾಮಕರಣದ ಪ್ರಸ್ತಾವ ಪಾಲಿಕೆಯಲ್ಲಿ ಠರಾವಾಗಿ, ಸಾರ್ವಜನಿಕರಿಂದ ಆಕ್ಷೇಪ ಕರೆದು, ಸರಕಾರದ ಒಪ್ಪಿಗೆ ಪಡೆಯುವುದು ನಮ್ಮಲ್ಲಿನ ಕ್ರಮ. ರಸ್ತೆಗಳ ಹೆಸರು ಬದಲಾಯಿಸುವುದರಿಂದ ಅಂಚೆ ಕಚೇರಿಗಳಿಗೂ ಸಾರ್ವಜನಿಕರಿಗೂ ಗೊಂದಲವಾಗುತ್ತದೆ, ಜನರಿಗೆ ಇತಿಹಾಸದ ಅರಿವೂ ತಪ್ಪಿಹೋಗುತ್ತದೆ ಎಂದು ಕೇಂದ್ರ ಗೃಹ ಸಚಿವಾಲಯ 1975ರ ಸೆಪ್ಟೆಂಬರಿನಲ್ಲೇ ಹೇಳಿತ್ತು. ಗೌರವಿಸಬೇಕಾದವರ ಹೆಸರನ್ನು ಹೊಸ ಅಥವಾ ಹೆಸರಿಲ್ಲದ ರಸ್ತೆಗಳಿಗೆ ಇಡಿ ಎಂಬುದು ಅದರ ಸಲಹೆಯಾಗಿತ್ತು. ಸಲಹೆಗೆ ಕಾನೂನಿನ ಬಲ ಇಲ್ಲದ್ದರಿಂದ ದೆಹಲಿಯಲ್ಲೇ 2015ರಲ್ಲಿ ಔರಂಗಜೇಬ್ ರಸ್ತೆ ಎ.ಪಿ.ಜೆ. ಅಬ್ದುಲ್ ಕಲಾಂ ರಸ್ತೆಯಾಯಿತು. ಹೆಸರು ಬದಲಾವಣೆಗೆಂದೇ ಆಯೋಗವೊಂದನ್ನು ರಚಿಸಬೇಕೆಂದು ಕೋರಿದ ಅರ್ಜಿಯನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಅದು ಸರಿಯಾಗಿಯೇ ಇತ್ತು.

ಬೀದಿಬದಿ ವ್ಯಾಪಾರಿಗಳ ಮಟ್ಟಿಗೆ ಮುಖ್ಯವಾದದ್ದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ಕೊಡುವವರೂ ಕೊಳ್ಳುವವರೂ ಮೊದಲಿನಿಂದ ಸೇರುತ್ತ ಬಂದ ಜಾಗವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸುತ್ತದೆ. ವ್ಯಾಪಾರ ನಡೆದು 50 ವರ್ಷ ದಾಟಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಬೇರೆಡೆಗೆ ಸಾಗಿಸಬಾರದು ಎನ್ನುತ್ತದೆ. ಅಂದರೆ ಜಾಗದ ಮೇಲೆ ಬಳಕೆಯಿಂದ ಹುಟ್ಟುವ ಒಂದು ಹಕ್ಕಿದೆ ಎಂಬುದನ್ನು ನಮ್ಮ ಶಾಸನವೇ ಒಪ್ಪಿಕೊಂಡಿದೆ. ಆದರೆ ಜಾಗದ ಹೆಸರಿನ ವಿಚಾರವನ್ನು ಆ ಕಾಯ್ದೆ ಎತ್ತುವುದಿಲ್ಲ. ನಾಮಕರಣದ ಕಡತ ವ್ಯಾಪಾರ ಸಮಿತಿಯ ಮುಂದೆ ಬರಲೇಬೇಕೆಂಬ ನಿಯಮವಿಲ್ಲ. ಆಕ್ಷೇಪಣೆಯ ನೋಟಿಸು ಹೊರಬಿದ್ದಾಗ ರಸ್ತೆಯ ಕಟ್ಟಡ ಮಾಲಕರು, ಸಂಸ್ಥೆಗಳು, ಸಂಘಗಳು ಬಾಧ್ಯಸ್ಥರಾಗಿ ಮುಂದೆ ಬರುತ್ತಾರೆ. ಸಂಜೆ ಐದಕ್ಕೆ ಗಾಡಿ ತಂದು ರಾತ್ರಿ ಹನ್ನೊಂದಕ್ಕೆ ಒಯ್ಯುವವರನ್ನು ಆ ರಸ್ತೆಯವರು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಅವರನ್ನು ಲೆಕ್ಕ ಹಾಕುವುದು ತೆರವು ಮಾಡುವಾಗ ಮಾತ್ರ. 2024ರಲ್ಲಿ ಮಂಗಳೂರು ಪಾಲಿಕೆ ‘ಟೈಗರ್ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ಬೀದಿಬದಿಯ ಅಂಗಡಿಗಳನ್ನು ತೆಗೆಸಿದಾಗ ನಡೆದ ಪ್ರತಿಭಟನೆಗಳು ಊರಿಗೆ ನೆನಪಿವೆ. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 2023ರ ಮಾರ್ಚ್‌ನಲ್ಲಿ, ಅದೇ ನಗರದ ಮಣ್ಣಗುಡ್ಡೆ ಭಾಗದ ರಸ್ತೆಯಲ್ಲಿ ದೀಪಾಲಂಕಾರದೊಂದಿಗೆ ಬೀದಿ ಆಹಾರೋತ್ಸವ ನಡೆದಿತ್ತು. ಉತ್ಸವದ ದಿನಗಳಲ್ಲಿ ಬೀದಿ ತಿಂಡಿ ಊರಿನ ಹೆಮ್ಮೆ, ಉಳಿದ ದಿನಗಳಲ್ಲಿ ಅದು ಫುಟ್‌ಪಾತಿನ ಅತಿಕ್ರಮಣ. ಈ ಇಬ್ಬಗೆಯನ್ನು ಬಗೆಹರಿಸದೆ ಬೀದಿಗೆ ಹೆಸರು ಹುಡುಕಲು ಹೊರಡುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಹೊಸ ಹೆಸರಿನ ಬೆದರಿಕೆ ಯಾವಾಗಲೂ ಮಹಾಪುರುಷರ ಕಡೆಯಿಂದಲೇ ಬರುತ್ತದೆಂದೂ ಇಲ್ಲ. ಈಗ ಅದು ಯೋಜನೆಗಳ ಕಡೆಯಿಂದಲೂ ಬರುತ್ತಿದೆ. ದೇಶದ 100 ಜಿಲ್ಲೆಗಳಲ್ಲಿ 100 ಮಾದರಿ ಆಹಾರ ಬೀದಿಗಳನ್ನು ಮಾಡಲು ತಲಾ 1 ಕೋಟಿ ರೂಪಾಯಿ ನೆರವು ನೀಡುವ ಯೋಜನೆಯನ್ನು ಕೇಂದ್ರ ಸರಕಾರ 2023ರಲ್ಲಿ ಪ್ರಕಟಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರ ಶುಚಿಯಾದ ಬೀದಿ ಆಹಾರ ತಾಣ ಎಂಬ ಮಾನ್ಯತೆ ಕೊಡುತ್ತದೆ. ಅಹಮದಾಬಾದಿನ ಕಾಂಕರಿಯಾ ಕೆರೆಯ ಪ್ರದೇಶಕ್ಕೆ 2018ರಲ್ಲಿ ಅದು ಮೊದಲು ಸಿಕ್ಕಿತು. ನೀರು, ಚರಂಡಿ, ಕಸದ ವ್ಯವಸ್ಥೆ ಬರುವುದಾದರೆ ಇವೆಲ್ಲ ಬೇಕಾದವೇ. ಆದರೆ ಯೋಜನೆಯ ಕಮಾನು ಎದ್ದು ನಿಂತಾಗ ಹಳೆಯ ಹೆಸರು ಚಿಕ್ಕ ಅಕ್ಷರಕ್ಕೆ ಇಳಿಯುವುದೋ ಮಾಯವಾಗುವುದೋ ಆಗಬಾರದು. ಇಂದೋರಿನ ಛಪ್ಪನ್ ದುಕಾನ್ ಎಷ್ಟು ನವೀಕರಣಗೊಂಡರೂ ತನ್ನ 56 ಅಂಗಡಿಗಳ ಲೆಕ್ಕವನ್ನು ಹೆಸರಿನಲ್ಲಿ ಬಿಟ್ಟುಕೊಡಲಿಲ್ಲ. ಬೆಂಗಳೂರಿನ ವಿ.ವಿ. ಪುರದಲ್ಲಿ, ದಾನಿ ಸಜ್ಜನ್ ರಾವ್ ಅವರ ಹೆಸರಿನ ವೃತ್ತದ ಮಗ್ಗುಲಿಗೇ ತಿಂಡಿ ಬೀದಿ ತನ್ನ ಹೆಸರನ್ನು ತಾನೇ ಸಂಪಾದಿಸಿತು. ಸ್ಮಾರಕಕ್ಕೆ ವೃತ್ತ, ಹೊಟ್ಟೆಗೆ ಬೀದಿ ಎಂಬ ಈ ಹಂಚಿಕೆ ಯಾರೂ ಯೋಚಿಸಿ ಮಾಡಿದ್ದಲ್ಲ, ಆದರೂ ಅನುಸರಿಸುವುದಕ್ಕೆ ಯೋಗ್ಯವಾಗಿದೆ. ಅದೇ ಬೀದಿಯಲ್ಲಿ 2023ರ ನವೀಕರಣದ ಕಾಮಗಾರಿ ಎಳೆದಾಗ ವ್ಯಾಪಾರಿಗಳು ಧೂಳಿನ ನಡುವೆ ಗಿರಾಕಿಗಳನ್ನು ಕಳೆದುಕೊಂಡು ದೂರಿದ್ದೂ ಉಂಟು.

ಕರಾವಳಿಯಲ್ಲಿ ಈ ವಿಷಯಕ್ಕೆ ಇನ್ನೊಂದು ಎಳೆ ಇದೆ, ಅದನ್ನು ಬಿಟ್ಟು ಬರೆದರೆ ಪ್ರಾಮಾಣಿಕವಾಗುವುದಿಲ್ಲ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಿದ ಸುದ್ದಿ ದೇಶವೆಲ್ಲ ಹಬ್ಬಿತು. ಯಾವ ಜಾಗದಲ್ಲಿ ಯಾರು ಮಾರಬಹುದು ಎಂಬ ಪ್ರಶ್ನೆ ಅಲ್ಲಿಂದ ಬೇರೆ ಜಾತ್ರೆಗಳಿಗೂ ಹೋಯಿತು. ಇಂಥ ವಾತಾವರಣದಲ್ಲಿ, ಎಲ್ಲ ಸಮುದಾಯದವರೂ ಮಾರುವ ಮತ್ತು ತಿನ್ನುವ ಬೀದಿಯೊಂದಕ್ಕೆ ಒಂದು ಸಮುದಾಯ ತನ್ನವರೆಂದು ಭಾವಿಸುವ ವ್ಯಕ್ತಿಯ ಹೆಸರನ್ನು ಇಟ್ಟರೆ, ಆ ವ್ಯಕ್ತಿ ಎಷ್ಟೇ ದೊಡ್ಡವರಾಗಿರಲಿ, ಬೀದಿಯ ಮೇಲೆ ಒಂದು ಗಡಿಗೆರೆ ಎಳೆದಂತೆ ಕೆಲವರಿಗೆ ಅನ್ನಿಸೀತು. ಹಾಗೆ ಅನ್ನಿಸಿದವರು ಪ್ರತಿಭಟನೆ ಮಾಡಲಿಕ್ಕಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಆ ವ್ಯಕ್ತಿಗೂ ಇದರಿಂದ ಗೌರವ ಸಂದಂತಾಗುವುದಿಲ್ಲ.

ಹಾಗಾದರೆ ಯಾರು ತೀರ್ಮಾನಿಸಬೇಕು? ಮಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಕ್ವಾಲಾಲಂಪುರದ ಮೇಯರ್ ಕೂಡ ಜನರಿಂದ ಆಯ್ಕೆಯಾದವರಲ್ಲ, ಸರಕಾರದಿಂದ ನೇಮಕಗೊಂಡವರು ಎಂಬುದನ್ನು ಇಲ್ಲಿ ಗಮನಿಸಬೇಕು. ಮತದಾರರ ಮುಂದೆ ಹೋಗಬೇಕಾದವರು ಎಷ್ಟೇ ಪಕ್ಷಪಾತಿಗಳಾದರೂ ಬೀದಿಯವರ ಸಿಟ್ಟನ್ನು ಮೊದಲೇ ಮೂಸಿ ನೋಡುತ್ತಾರೆ. ನೇಮಕಗೊಂಡ ಆಡಳಿತಕ್ಕೆ ಅದು ತಿಳಿಯುವುದು ಆದೇಶ ಹೊರಟ ಮೇಲೆ. ಸದನ ಇಲ್ಲದ ಅವಧಿಯಲ್ಲಿ ನಾಮಕರಣದ ಯಾವ ಕಡತವನ್ನೂ ಮುಂದೂಡುವುದು ಒಳ್ಳೆಯದು.

ಸದನ ಇದ್ದಾಗಲೂ ಎರಡು ಮಾರ್ಪಾಡುಗಳಿಗೆ ಹೊಸ ಶಾಸನವೇನೂ ಬೇಕಿಲ್ಲ, ಪಾಲಿಕೆ ಮನಸ್ಸು ಮಾಡಿದರೆ ಸಾಕು. ಸಹಜ ಮಾರುಕಟ್ಟೆ ಎಂದು ಗುರುತಿಸಬಹುದಾದ ಯಾವುದೇ ರಸ್ತೆಯ ಹೆಸರಿನ ಪ್ರಸ್ತಾವವನ್ನು ಸದನದಲ್ಲಿ ಇಡುವ ಮೊದಲು ಪಟ್ಟಣ ವ್ಯಾಪಾರ ಸಮಿತಿಯ ಮುಂದಿಟ್ಟು, ಅಲ್ಲಿನ ಅಭಿಪ್ರಾಯವನ್ನು ಕಡತದಲ್ಲಿ ಬರೆದಿಡಬೇಕು. ಆಕ್ಷೇಪಣೆಯ ನೋಟಿಸನ್ನು ಪತ್ರಿಕೆಯ ಒಳಪುಟದಲ್ಲಿ ಹಾಕಿ ಕೈತೊಳೆದುಕೊಳ್ಳುವ ಬದಲು, ಪಾಲಿಕೆಯ ಸಿಬ್ಬಂದಿ ಸಂಜೆ ಏಳರ ನಂತರ, ಗಾಡಿಗಳೆಲ್ಲ ಬಂದು ನಿಂತಿರುವ ಹೊತ್ತಿನಲ್ಲಿ, ಅದನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಸಹಿ ಪಡೆಯಬೇಕು. ಇಷ್ಟಾದ ಮೇಲೂ ಹೆಸರು ಬದಲಾದರೆ, ವ್ಯಾಪಾರ ಪ್ರಮಾಣಪತ್ರದಿಂದ ಹಿಡಿದು ಆಹಾರ ನೋಂದಣಿಯವರೆಗಿನ ವಿಳಾಸ ತಿದ್ದುಪಡಿಯನ್ನು ಶುಲ್ಕವಿಲ್ಲದೆ, ಅದೇ ಬೀದಿಯಲ್ಲಿ ಮೇಜು ಹಾಕಿ ಕುಳಿತು ಮಾಡಿಕೊಡುವ ಹೊಣೆ ಪಾಲಿಕೆಯದೇ ಆಗಬೇಕು.